ಪಿಟ್ಯುಟರಿ ಶಸ್ತ್ರಚಿಕಿತ್ಸೆ: ಮೂಗಿಗೆ ನೀರೆಳೆಯುವ ಮುನ್ನ

ನಿಮ್ಮ ಮನೆಯಲ್ಲಿ ಯಾರಿಗಾದರೂ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆಯಿದೆ, ಮೂಗಿನ ಮೂಲಕ ಶಸ್ತ್ರಚಿಕಿತ್ಸೆ ಮಾಡಬೇಕು ಎಂದು ವೈದ್ಯರು ಹೇಳಿದ್ದಾರೆಯೇ? ಹಾಗಿದ್ದರೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಯುನಾನಿ ವೈದ್ಯ. ಈ ಗಡ್ಡೆಯನ್ನು ಕರಗಿಸುವ ಮಾಜೂನ್ ಆಗಲಿ ಸಫೂಫ್ ಆಗಲಿ ನನ್ನಲ್ಲಿಲ್ಲ. ಪ್ರೊಲ್ಯಾಕ್ಟಿನ್ ಹಾರ್ಮೋನಿನ ಗಡ್ಡೆಗಳು ಹೆಚ್ಚಾಗಿ ಮಾತ್ರೆಯಲ್ಲೇ ಕುಗ್ಗುತ್ತವೆ, ಆದರೆ ಆ ಮಾತ್ರೆಯನ್ನು ಕೊಡಬೇಕಾದವರು ಹಾರ್ಮೋನ್ ತಜ್ಞರು. ಕಣ್ಣಿನ ದೃಷ್ಟಿ ಕುಗ್ಗುತ್ತಿರುವಾಗ ನಮ್ಮಂಥವರ ಬಳಿ ತಿಂಗಳುಗಟ್ಟಲೆ ಕಾಲ ಕಳೆಯಬೇಡಿ.

ಬಟಾಣಿ ಕಾಳಿನಷ್ಟು ಚಿಕ್ಕದಾದ ಈ ಗ್ರಂಥಿ ಮೂಗಿನ ಹಿಂಭಾಗದಲ್ಲಿ, ಮೆದುಳಿನ ಕೆಳಗೆ, ಮೂಳೆಯ ಒಂದು ಗುಂಡಿಯಲ್ಲಿ ಕುಳಿತಿದೆ. ಮೆದುಳಿನಿಂದ ಬಲ್ಗಮ್ (ಕಫ) ಇದರ ಮೂಲಕ ಮೂಗಿಗೆ ಇಳಿಯುತ್ತದೆ, ಇದರ ಸುತ್ತ ರಕ್ತನಾಳಗಳ ಬಲೆಯಿದೆ ಎಂದು ಜಾಲೀನೂಸ್ ಬರೆದಿದ್ದರು. ಅವರು ಕೊಯ್ದು ನೋಡಿದ್ದು ಪ್ರಾಣಿಗಳನ್ನು. ಮನುಷ್ಯರಲ್ಲಿ ಆ ಬಲೆಯಿಲ್ಲ, ಕಫ ಅಲ್ಲಿಂದ ಇಳಿಯುವುದೂ ಇಲ್ಲ. ನಮ್ಮ ಗ್ರಂಥಗಳನ್ನು ಗೌರವಿಸುವವರು ಅವುಗಳ ತಪ್ಪನ್ನೂ ಹೇಳಬೇಕು. ನಿಜವಾಗಿ ಅಲ್ಲಿರುವುದು ಎಡಕ್ಕೊಂದು ಬಲಕ್ಕೊಂದರಂತೆ ಮೆದುಳಿಗೆ ರಕ್ತ ಒಯ್ಯುವ ಎರಡು ಕೆರೋಟಿಡ್ ಅಪಧಮನಿಗಳು. ಗ್ರಂಥಿಗೂ ಅವಕ್ಕೂ ನಡುವಿನ ಅಂತರ ಕೆಲವೇ ಮಿಲಿಮೀಟರ್.

ಶಸ್ತ್ರಚಿಕಿತ್ಸೆಯ ದೊಡ್ಡ ಭಯ ಈ ನಾಳಕ್ಕೆ ಗಾಯವಾಗುವುದು. ನುರಿತ ಕೈಗಳಲ್ಲಿ ಇದು ನೂರರಲ್ಲಿ ಒಬ್ಬರಿಗಿಂತಲೂ ಕಡಿಮೆ ಜನರಿಗೆ ಆಗುತ್ತದೆ. ಮೊದಲೊಮ್ಮೆ ಅದೇ ಜಾಗದಲ್ಲಿ ಶಸ್ತ್ರಚಿಕಿತ್ಸೆಯೋ ವಿಕಿರಣ ಚಿಕಿತ್ಸೆಯೋ ಆಗಿದ್ದರೆ ಅಪಾಯ ಹೆಚ್ಚು. ಕೈಕಾಲು, ದವಡೆ ದಪ್ಪವಾಗುವ ಅಕ್ರೊಮೆಗಲಿ ರೋಗಿಗಳಲ್ಲಿಯೂ ಹೆಚ್ಚು, ಏಕೆಂದರೆ ಅವರ ಅಪಧಮನಿಗಳು ಹಿಗ್ಗಿ ಡೊಂಕಾಗಿರಬಹುದು. ಗಾಯವಾದರೆ ಸರ್ಜನ್ ಗಾಜ್ ತುರುಕಿ ಒತ್ತುತ್ತಾರೆ, ತೊಡೆಯಿಂದ ತೆಗೆದ ಸ್ನಾಯುವಿನ ತುಂಡನ್ನು ಜಜ್ಜಿ ಅಲ್ಲಿ ಅಂಟಿಸುತ್ತಾರೆ. ನಂತರ ಆಂಜಿಯೋಗ್ರಾಂ ಮಾಡಿ, ಬೇಕಿದ್ದರೆ ನಾಳದೊಳಗಿನಿಂದಲೇ ಸ್ಟೆಂಟ್ ಅಥವಾ ಕಾಯಿಲ್ ಹಾಕುತ್ತಾರೆ. ರಕ್ತ ನಿಂತರೂ ಗಾಯದ ಜಾಗ ಬಲೂನಿನಂತೆ ಉಬ್ಬಿ, ದಿನಗಳು ಅಥವಾ ವಾರಗಳ ನಂತರ ಒಡೆಯಬಹುದು. ಅದಕ್ಕಾಗಿಯೇ ಆಂಜಿಯೋಗ್ರಾಂ ಮತ್ತೊಮ್ಮೆ ಮಾಡುತ್ತಾರೆ, ಬಿಲ್ ಹೆಚ್ಚಿಸಲು ಅಲ್ಲ. ನಿಮ್ಮ ಸರ್ಜನ್‌ರನ್ನು ನೇರವಾಗಿ ಕೇಳಿ: ನಾಳದೊಳಗಿನ ಚಿಕಿತ್ಸೆ ಮಾಡುವವರು ಇದೇ ಆಸ್ಪತ್ರೆಯಲ್ಲಿದ್ದಾರೆಯೇ? ಕೋಣೆಯ ಬಾಡಿಗೆ ವಿಚಾರಿಸುವ ನಾವು ಇದನ್ನು ಕೇಳುವುದಿಲ್ಲ.

ಇನ್ನು ನಿಮ್ಮ ಕೈಯಲ್ಲಿರುವುದು. ಆಸ್ಪಿರಿನ್ ಅಥವಾ ಕ್ಲೋಪಿಡೋಗ್ರೆಲ್ ತೆಗೆದುಕೊಳ್ಳುತ್ತಿದ್ದರೆ ಹೇಳಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಅದನ್ನು ತಾವಾಗಿಯೇ ನಿಲ್ಲಿಸಬಾರದು, ಎರಡೂ ಕಡೆಯ ವೈದ್ಯರು ಮಾತನಾಡಿ ನಿರ್ಧರಿಸಲಿ. ಬೆಳ್ಳುಳ್ಳಿ ಮಾತ್ರೆ, ಕಲೋಂಜಿ ಎಣ್ಣೆ, ಶುಂಠಿಯ ಔಷಧಿಗಳು ರಕ್ತ ಹೆಪ್ಪುಗಟ್ಟುವುದನ್ನು ತಡಮಾಡಬಹುದು. ಅವುಗಳನ್ನೂ, ಇತ್ತೀಚೆಗೆ ಹಿಜಾಮಾ ಮಾಡಿಸಿಕೊಂಡಿದ್ದರೆ ಅದನ್ನೂ ಹೇಳಿ. "ಡಾಕ್ಟರ್ ಬೈಯುತ್ತಾರೆ" ಎಂದು ಯುನಾನಿ ಔಷಧಿಯನ್ನು ಮುಚ್ಚಿಡುವ ಕುಟುಂಬಗಳನ್ನು ನಾನು ಬಹಳ ಕಂಡಿದ್ದೇನೆ. ಬೈದರೆ ಬೈಸಿಕೊಳ್ಳಿ. ನಾನು ಕೊಟ್ಟ ಔಷಧಿಯ ಚೀಟಿಯನ್ನೇ ತೋರಿಸಿ.

ಕಳೆದ ವರ್ಷ ಒಬ್ಬರು ಶಸ್ತ್ರಚಿಕಿತ್ಸೆಯಾಗಿ ಹನ್ನೆರಡನೆಯ ದಿನ ನನ್ನ ಬಳಿ ಬಂದರು. ಮೂಗು ಒಣಗಿದೆ, ರೋಗನೆ ಬಾದಾಮ್ ಎರಡು ಹನಿ ಹಾಕಿ ಎಂದರು. ವುಝೂ ಹೇಗೆ ಮಾಡುತ್ತೀರಿ ಎಂದು ಕೇಳಿದೆ. ಎಂದಿನಂತೆ ಮೂರು ಬಾರಿ ಮೂಗಿಗೆ ನೀರೆಳೆದು ಸೀನುವುದೇ! ಕರವಸ್ತ್ರದಲ್ಲಿ ರಕ್ತದ ಕಲೆಯಿತ್ತು. ಎಣ್ಣೆ ಹಾಕಲಿಲ್ಲ, ಆ ಸಂಜೆಯೇ ಸರ್ಜನ್ ಬಳಿಗೆ ಕಳುಹಿಸಿದೆ. ಮೂಗಿನ ಹಿಂಭಾಗದ ನಾಳಗಳಿಂದ ಒಂದೆರಡು ವಾರಗಳ ನಂತರವೂ ಜೋರಾಗಿ ರಕ್ತ ಸುರಿಯಬಹುದು. ಆ ಗಾಯ ಮಾಯುವವರೆಗೆ, ಅಂದರೆ ಸರ್ಜನ್ ಹೇಳುವಷ್ಟು ವಾರ, ನೀರೆಳೆಯುವುದು, ಮೂಗು ಸೀನುವುದು, ಭಾರ ಎತ್ತುವುದು, ಮಲಬದ್ಧತೆಯಲ್ಲಿ ಮುಕ್ಕುವುದು ಬೇಡ. ಸುಜೂದ್‌ಗೆ ಬಾಗುವುದರ ಬಗ್ಗೆಯೂ ಅವರನ್ನೇ ಕೇಳಿ, ಬೇಡವೆಂದರೆ ಕುಳಿತು ಸನ್ನೆಯಿಂದ ನಮಾಝ್ ಮಾಡಿ. ಸರ್ಜನ್ ಬರೆದುಕೊಟ್ಟ ಉಪ್ಪುನೀರಿನ ಸ್ಪ್ರೇ ಬೇರೆ, ನಲ್ಲಿ ನೀರು ಬೇರೆ.

ವುಝೂವಿನಲ್ಲಿ ಮೂಗಿಗೆ ನೀರು ಹಾಕುವುದು ಹನಫೀ, ಶಾಫಿಈ ಎರಡರಲ್ಲೂ ಸುನ್ನತ್. ಆದರೆ ಕಡ್ಡಾಯ ಸ್ನಾನದಲ್ಲಿ ಹನಫೀಗಳಿಗೆ ಅದು ಫರ್ಝ್. ಆದ್ದರಿಂದ ಆಸ್ಪತ್ರೆಗೆ ಸೇರುವ ಮೊದಲೇ ನಿಮ್ಮ ಉಲಮಾರನ್ನು ಕಂಡು ವಿನಾಯಿತಿಯ ವಿಧಾನ ತಿಳಿದುಕೊಳ್ಳಿ. ತಲೆಗೆ ಗಾಯವಾಗಿದ್ದವನಿಗೆ ಜೊತೆಗಾರರು ತಯಮ್ಮುಮ್ ಇಲ್ಲವೆಂದು ಹೇಳಿ, ಅವನು ಸ್ನಾನ ಮಾಡಿ ಮೃತಪಟ್ಟಾಗ ಪ್ರವಾದಿ(ಸ) ಆ ಜೊತೆಗಾರರ ಮೇಲೆ ಎಷ್ಟು ಕೋಪಗೊಂಡರೆಂಬುದು ಅಬೂದಾವೂದ್‌ನಲ್ಲಿದೆ.

ಮನೆಗೆ ಬಂದ ಮೇಲೆ ಮೂಗಿನಿಂದ ರಕ್ತ ಸುರಿದರೆ ಮುಂದಕ್ಕೆ ಬಾಗಿ ಕೂರಿಸಿ, ಬಾಯಿಗೆ ಬಂದ ರಕ್ತವನ್ನು ಉಗುಳಿಸಿ, ಮೂಗಿಗೆ ಹತ್ತಿಯನ್ನೂ ತುರುಕದೆ ಆಸ್ಪತ್ರೆಗೆ ಕರೆದೊಯ್ಯಿರಿ. ಬಾಗಿದಾಗ ನೀರಿನಂಥ ತಿಳಿ ದ್ರವ ತೊಟ್ಟಿಕ್ಕಿದರೂ ಅಷ್ಟೇ. ಹಠಾತ್ತನೆ ತಲೆ ಸಿಡಿಯುವ ನೋವು, ವಾಂತಿ, ದೃಷ್ಟಿ ಮಂಜಾಗುವುದು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ.