ಹಳೆಯ ಬಳ್ಳಿಯ ಬೆಲೆ ಯಾರಿಗೆ?

ಸ್ಪೇನ್ ದೇಶದ ಕತಲೋನಿಯಾ ಪ್ರಾಂತದಲ್ಲಿರುವ ಪ್ರಿಯೊರಾತ್ ಗುಡ್ಡಸೀಮೆಯಲ್ಲಿ ಮಣ್ಣೆಂದು ಕರೆಯಬಹುದಾದುದು ಅತ್ಯಲ್ಪ. ಇಳಿಜಾರುಗಳ ತುಂಬ ಒಡೆದ ಸ್ಲೇಟು ಕಲ್ಲಿನ ಚಕ್ಕೆಗಳು. ಅವುಗಳ ಬಿರುಕುಗಳಲ್ಲಿ ಬೇರನ್ನು ಆಳಕ್ಕಿಳಿಸಿ ಬದುಕಿರುವ ದ್ರಾಕ್ಷಿಬಳ್ಳಿಗಳಲ್ಲಿ ಕೆಲವಕ್ಕೆ ನೂರರ ಆಸುಪಾಸಿನ ವಯಸ್ಸು. ಈ ಬಳ್ಳಿಗಳ ಹಣ್ಣಿನಿಂದಾದ ಕೆಂಪು ವೈನ್ ಇಂದು ದುಬಾರಿ ಬೆಲೆಗೆ ಬಿಡುಗಡೆಯಾಗುತ್ತದೆ. ಕುಡಿಯುವವರ ಸಂಭ್ರಮ ಅವರಿಗಿರಲಿ. ಗುಡ್ಡದ ಜನ ಗಮನಿಸಬೇಕಾದ ಸಂಗತಿ ಬೇರೆಯೇ ಇದೆ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಫಿಲಾಕ್ಸೆರಾ ಎಂಬ ಬೇರುಕೀಟ ಅಲ್ಲಿನ ತೋಟಗಳನ್ನು ನಾಶಮಾಡಿತು. ಮರಳಿ ನೆಟ್ಟದ್ದು ಕೆಲವೇ ಇಳಿಜಾರುಗಳಲ್ಲಿ. ಯುವಕರು ಪಟ್ಟಣಗಳ ಪಾಲಾದರು. ಉಳಿದವರು ತಯಾರಿಸಿದ ವೈನ್ ಊರಿನ ಹೆಸರೂ ಇಲ್ಲದೆ ಸಗಟಾಗಿ ಮಾರಾಟವಾಗಿ, ಬೇರೆ ಸೀಮೆಗಳ ತೆಳು ವೈನಿಗೆ ಬಣ್ಣ ಕಟ್ಟುವುದಕ್ಕೆ ಬಳಕೆಯಾಯಿತು.

1989ರಲ್ಲಿ ಗ್ರಾತಾಲ್ಯೋಪ್ಸ್ ಎಂಬ ಹಳ್ಳಿಯಲ್ಲಿ ಕೆಲವರು ಒಟ್ಟುಗೂಡಿ ವೈನ್ ತಯಾರಿಸಿ, ತಮ್ಮ ತಮ್ಮ ಹೆಸರಿನಲ್ಲಿ ಸೀಸೆಗೆ ತುಂಬಿದರು. ಸೀಮೆಯ ಹೆಸರು ಹೊರಜಗತ್ತಿಗೆ ತಿಳಿದದ್ದು ಆಗ. ಆದರೆ ಅವರೂ ಸ್ಥಳೀಯ ಹಣ್ಣಿನೊಡನೆ ಫ್ರಾನ್ಸಿನ ಕ್ಯಾಬರ್ನೆ, ಸಿರಾ ತಳಿಗಳನ್ನು ಬೆರೆಸಿದ್ದರು. ಹೊರಗಿನ ತಳಿಯ ಮೇಲಿನ ಈ ಭರವಸೆ, ಹಳೆಯ ಮೆಣಸಿನ ಬಳ್ಳಿ ಕಿತ್ತು ಹೊಸದನ್ನು ಹಬ್ಬಿಸಿದ ಮಲೆನಾಡಿಗರಿಗೆ ಅಪರಿಚಿತವೇನಲ್ಲ. ನೆರೆಯ ಫ್ರಾನ್ಸಿನ ದಕ್ಷಿಣ ಭಾಗದಲ್ಲಂತೂ ಯುರೋಪಿನ ಸಹಾಯಧನ ಪಡೆದು ಕಾರಿನ್ಯೆನಾ ಬಳ್ಳಿಗಳನ್ನು ಬೇರುಸಹಿತ ಕಿತ್ತೆಸೆಯಲಾಯಿತು.

1994ರಲ್ಲಿ ಪೊರೆರಾ ಎಂಬ ಹಳ್ಳಿಗೆ ಭಾರೀ ನೆರೆ ಬಂತು. ಎರಡೇ ವರ್ಷಗಳಲ್ಲಿ, 1996ರ ಸುಗ್ಗಿಯಿಂದ, ಅದೇ ಹಳ್ಳಿಯ ಸಹಕಾರಿ ಸಂಘದ ಆಸರೆಯಲ್ಲಿ ‘ಸಿಮ್ಸ್ ದೆ ಪೊರೆರಾ’ ಎಂಬ ವೈನ್ ಹುಟ್ಟಿತು. ಅದರ ಜೀವಾಳ ಹಳೆಯ ಬಳ್ಳಿಗಳ ಕಾರಿನ್ಯೆನಾ, ಜೊತೆಗೆ ಗಾರ್ನಾಚಾ. ಎರಡೂ ಸ್ಪೇನ್ ಮೂಲದ ತಳಿಗಳು. ಗಾರ್ನಾಚಾ ಮೃದು, ಸಿಹಿಹಣ್ಣಿನ ಪರಿಮಳದ್ದು, ಆದರೆ ಗಾಳಿ ತಾಕಿದರೆ ಬೇಗ ಬಣ್ಣಗೆಡುತ್ತದೆ. ಕಾರಿನ್ಯೆನಾ ಹುಳಿ, ಒಗರು, ಗಾಢವರ್ಣಗಳನ್ನು ಕೊಟ್ಟು ಅದನ್ನು ಹಿಡಿದು ನಿಲ್ಲಿಸುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುವ ಈ ಜೋಡಿಯನ್ನು ಹಿಂದಿನ ರೈತರು ಒಂದೇ ಇಳಿಜಾರಿನಲ್ಲಿ ನೆಟ್ಟಿದ್ದರೆಂಬುದು ಅವರ ತಿಳಿವಳಿಕೆಗೆ ಸಾಕ್ಷಿ.

ಖ್ಯಾತಿಯ ಬೆನ್ನಿಗೆ ಬುಲ್ಡೋಜರುಗಳೂ ಬಂದವು. ಹೊಸ ತೋಟಗಳಿಗಾಗಿ ಗುಡ್ಡದ ಮೈಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯಲಾಯಿತು. ಕಡಿದ ದರೆಗಳಿಂದ ಮಳೆಗೆ ಮಣ್ಣು ಜರಿಯಿತು. ಹಳೆಯ ಬಳ್ಳಿಯ ಕೀರ್ತಿಯಿಂದ ಹುಟ್ಟಿದ ಹಣವೇ ಗುಡ್ಡ ಕಡಿಯುವ ಯಂತ್ರಕ್ಕೆ ಬಾಡಿಗೆಯಾದುದು ವಿಷಾದದ ಸಂಗತಿ.

ಪ್ರಶ್ನೆ ಇರುವುದು ಲೆಕ್ಕದಲ್ಲಿ. ಒಂದು ಸೀಸೆ ವೈನಿಗೆ ಕಿಲೋಗಿಂತ ತುಸು ಹೆಚ್ಚೇ ಹಣ್ಣು ಬೇಕು. ಕಡಿದಾದ ಇಳಿಜಾರಿನ ಹಳೆಯ ಬಳ್ಳಿ ಎಷ್ಟೋ ಕಡೆ ವರ್ಷಕ್ಕೆ ಅಷ್ಟನ್ನೂ ಕೊಡುವುದಿಲ್ಲ. ಬಯಲಿನ ನೀರಾವರಿ ಬಳ್ಳಿ ಅದರ ಹಲವು ಪಟ್ಟು ಕೊಡುತ್ತದೆ. ಇಬ್ಬರಿಗೂ ಒಂದೇ ತೂಕದ ದರ ಕಟ್ಟಿದರೆ ಗುಡ್ಡದ ರೈತ ಸೋಲುವುದು ಖಚಿತ. ಟ್ರ್ಯಾಕ್ಟರ್ ಏರದ ಜಾಗದಲ್ಲಿ ಅವನು ಕೈಯಿಂದಲೋ ಹೇಸರಗತ್ತೆಯಿಂದಲೋ ದುಡಿಯಬೇಕು. ಸೀಸೆಯ ಬೆಲೆಯಲ್ಲಿ ಅವನಿಗೆಷ್ಟು ಪಾಲು ಎಂಬುದರ ಮೇಲೆ ಬಳ್ಳಿಯ ಆಯುಷ್ಯ ನಿಂತಿದೆ. 2021ರಿಂದ 2024ರವರೆಗೆ ಕತಲೋನಿಯಾವನ್ನು ಕಾಡಿದ ಬರದಲ್ಲಿ ಆ ಅಲ್ಪ ಫಸಲೂ ಕುಗ್ಗಿತು. ಹಾಗಿದ್ದೂ ಚಳಿಗಾಲದಲ್ಲಿ ಕತ್ತರಿ ಹಿಡಿದು ಬಳ್ಳಿ ಸವರಲು ಇಳಿಜಾರು ಏರಬೇಕೇ ಬೇಡವೇ ಎಂಬುದನ್ನು ಅವನು ಪ್ರತಿವರ್ಷವೂ ಹೊಸದಾಗಿ ನಿರ್ಧರಿಸಬೇಕಾಗಿದೆ.