ನೋಟಿಗಿಂತ ಮೊದಲು ಕಾರ್ಡು

ರಮಝಾನ್ ಬಂದರೆ ಮಸೀದಿಯ ಮೆಟ್ಟಿಲ ಬಳಿ ಕುಳಿತ ಅಂಗವಿಕಲನ ಕೈಗೆ ನಾವು ನೋಟೊಂದನ್ನಿಟ್ಟು ಮುಂದೆ ಸಾಗುತ್ತೇವೆ. ಅವನು ಶಾಲೆಗೆ ಹೋಗಿದ್ದನೇ ಎಂದು ವಿಚಾರಿಸುವುದಿಲ್ಲ. ಪ್ರವಾದಿವರ್ಯರು(ಸ) ಅಂಧ ಸಹಾಬಿ ಅಬ್ದುಲ್ಲಾಹ್ ಇಬ್ನ್ ಉಮ್ಮು ಮಕ್ತೂಮ್‌ರಿಗೆ(ರ) ಅಝಾನ್‌ನ ಹೊಣೆ ಕೊಟ್ಟರು. ತಾವು ಹೊರಗೆ ಹೊರಟಾಗ ಮದೀನದ ಉಸ್ತುವಾರಿಯನ್ನೇ ವಹಿಸಿದರು. ಗೌರವವೆಂದರೆ ಅದು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳವರಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ, ಸರಕಾರಿ ಹಾಗೂ ಅನುದಾನಿತ ಕಾಲೇಜುಗಳಲ್ಲಿ ಶೇ. 5 ಸೀಟು, ಸರಕಾರಿ ನೌಕರಿಯಲ್ಲಿ ಶೇ. 4 ಮೀಸಲಾತಿ ನೀಡಿದೆ. ಇವನ್ನು ಪಡೆಯಲು ವೈದ್ಯಕೀಯ ಪ್ರಮಾಣಪತ್ರ, ಯುಡಿಐಡಿ ಕಾರ್ಡು ಬೇಕು. ಆದರೆ ತಂಗಿಯ ನಿಕಾಹ್‌ಗೆ ತೊಡಕಾದೀತೆಂದು ಅಕ್ಕನ ಕುರುಡನ್ನೋ ಕಿವುಡನ್ನೋ ಮುಚ್ಚಿಡುವ ಮನೆಗಳು ನಮ್ಮಲ್ಲಿವೆ. ಮುಚ್ಚಿಟ್ಟವಳಿಗೆ ಕಾರ್ಡೆಲ್ಲಿಯದು, ಕಾಲೇಜೆಲ್ಲಿಯದು? ಇದನ್ನು ತವಕ್ಕುಲ್ ಎನ್ನುವವರೂ ಇದ್ದಾರೆ; ನಾವು ಒಪ್ಪುವುದಿಲ್ಲ.

ಝಕಾತ್‌ಗೆ ಅರ್ಹವಾದ ಇಂತಹ ಮನೆಗೆ ಅಕ್ಕಿಯ ಚೀಲದ ಬದಲು ಹೊಲಿಗೆ ಯಂತ್ರವನ್ನೋ ಕಂಪ್ಯೂಟರ್ ತರಬೇತಿಯ ಶುಲ್ಕವನ್ನೋ ಕೊಡಬಹುದು. ಅದಕ್ಕೂ ಮೊದಲು ಜಮಾಅತ್‌ನ ಯುವಕರಿಬ್ಬರು ಮೊಹಲ್ಲಾದ ಮನೆ ಮನೆಗೆ ಹೋಗಿ, ಕಾರ್ಡಿಲ್ಲದವರ ಹೆಸರು ಬರೆದುಕೊಳ್ಳಲಿ. ಆಧಾರ್, ಭಾವಚಿತ್ರ ಜೋಡಿಸಿ ಅರ್ಜಿ ಹಾಕಿಸಲಿ. ತಪಾಸಣೆಯ ದಿನ ಜಿಲ್ಲಾಸ್ಪತ್ರೆಯವರೆಗೆ ಜೊತೆಯಲ್ಲಿ ಹೋಗಲಿ. ಆಟೋದ ಬಾಡಿಗೆಯನ್ನು ಮಸೀದಿಯ ಸಮಿತಿ ಭರಿಸಲಿ.