ನಿಮ್ಮ ಆರಾಮ, ನಮ್ಮ ನಿದ್ದೆ

ಯಾವ ಪಟ್ಟಣ ಹೆಚ್ಚು ಆರಾಮ? ಹೊಟ್ಟೆ ತುಂಬಿದವರ ನಡುವೆ ಈ ಜಗಳ ಮುಗಿಯುವುದೇ ಇಲ್ಲ. ಬೆಂಗಳೂರು ಒಂದು ಕಾಲಕ್ಕೆ ಪಿಂಚಣಿದಾರರ ಸ್ವರ್ಗವಾಗಿತ್ತು, ಈಗ ಕೆಟ್ಟುಹೋಯ್ತು ಅಂತಾರೆ ಒಬ್ಬರು. ಮೈಸೂರೇ ವಾಸಿ, ಉಂಡು ಮಲಗೋಕೆ ಪುರುಸೊತ್ತಿದೆ ಅಂತಾರೆ ಇನ್ನೊಬ್ಬರು. ಹೈದರಾಬಾದು ಅದಕ್ಕಿಂತ ನಿಧಾನವಂತೆ. ಚೆನ್ನೈಯಲ್ಲಿ ಸಂಜೆ ಕಡಲ ಗಾಳಿಯಂತೆ.

ಬೂದಿಕೋಟೆಯ ನಮ್ಮನ್ನು ಈ ಮಾತು ಯಾರೂ ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇವೆ. ನಮ್ಮ ಹತ್ತಿರ ಇರೋದು ಒಂದೇ ಅಳತೆಗೋಲು: ಆ ಪಟ್ಟಣದ ಬೀದಿ ಗುಡಿಸುವವಳು ಎಷ್ಟು ಹೊತ್ತಿಗೆ ಏಳುತ್ತಾಳೆ?

ಆರಾಮದ ಊರು ಕಟ್ಟುವುದು ಹೇಗೆಂದು ನಾವು ಪುಸ್ತಕ ಓದಿ ಕಲಿತದ್ದಲ್ಲ. ಪಕ್ಕದಲ್ಲೇ ಕೋಲಾರದ ಚಿನ್ನದ ಗಣಿ ಇದೆ. ಅದನ್ನು ಪುಟ್ಟ ಇಂಗ್ಲೆಂಡು ಅಂತ ಕರೆಯುತ್ತಿದ್ದರು. ದೊರೆಗಳಿಗೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಬಂದದ್ದು ಇಲ್ಲಿಗೆ. ಬೆಂಗಳೂರಿನ ಬೀದಿಗೆ ದೀಪ ಹತ್ತಿದ್ದು 1905ರಲ್ಲಿ. ಆ ಬಂಗಲೆಗಳ ಅಡಿಯಲ್ಲಿ, ಮೂರು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಕಾದ ಬಂಡೆಗಳ ನಡುವೆ ಕಲ್ಲು ಒಡೆದವರು ಯಾರು? ಬಹುಪಾಲು ದಲಿತರು, ಉತ್ತರ ಆರ್ಕಾಟಿನ ಕಡೆಯಿಂದ ಹೊಟ್ಟೆಪಾಡಿಗೆ ಬಂದವರು. ಅಲ್ಲಿನ ಪಾಯಿಖಾನೆಗಳ ಮಲ ಹೊತ್ತವರೂ ದಲಿತರೇ. ಹಾಗೆ ಹೊತ್ತವರ ಮನೆಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಸಫಾಯಿ ಕರ್ಮಚಾರಿಗಳ ಆಂದೋಲನ ಕಟ್ಟಿದರು. 2016ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಮಲ ಹೊರಿಸಬಾರದೆಂದು 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು. ಒಂದೇ ಪಾಪಕ್ಕೆ ಎರಡು ಕಾನೂನು ಯಾಕೆ ಬೇಕಾಯ್ತು ಸ್ವಾಮಿ?

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಚಿನ್ನ ಹೋಯಿತು, ಸೈನೈಡು ಮಣ್ಣಿನ ಗುಡ್ಡ ನಮ್ಮ ಪಾಲಿಗೆ ಉಳಿಯಿತು. ಪಾತಾಳಕ್ಕೆ ಇಳಿಯುತ್ತಿದ್ದವರ ಮಕ್ಕಳು ಈಗ ರೈಲು ಹತ್ತುತ್ತಾರೆ. ಮಾರಿಕುಪ್ಪದಿಂದ ಅವರು, ಬಂಗಾರಪೇಟೆಯಿಂದ ನಾವು. ಬೂದಿಕೋಟೆಯವರು ಆ ರೈಲು ಹಿಡೀಬೇಕಾದರೆ ಕೋಳಿ ಕೂಗೋ ಮುಂಚೆ ಏಳಬೇಕು. ಗಾರೆ ಕೆಲಸದವರು, ಕಾವಲಿನವರು, ಪಾತ್ರೆ ತೊಳೆಯುವವರು ನಿಂತೇ ತೂಕಡಿಸುತ್ತಾರೆ. ಅವರು ಇಳಿದ ಮೇಲೆ ಬೆಂಗಳೂರಿನಲ್ಲಿ ಬೆಳಗಾಗುತ್ತದೆ. ವಾಕಿಂಗು ಮುಗಿಸಿದ ರಾಯರು ಕಾಫಿ ಹೀರುತ್ತಾ, "ಆ ಹಳೇ ಬೆಂಗಳೂರಿನ ಆರಾಮ ಈಗೆಲ್ಲಿ!" ಅಂತ ನಿಟ್ಟುಸಿರು ಬಿಡುತ್ತಾರೆ. ಅಯ್ಯಾ, ಹಳೇ ಬೆಂಗಳೂರಿನಲ್ಲೂ ನಾವೇ ಗುಡಿಸುತ್ತಿದ್ದದ್ದು. ಆಗ ನಾವು ನಿಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ, ಅಷ್ಟೆ.

ಮೈಸೂರಿನ ಕತೆಯೂ ಬೇರೆಯಲ್ಲ. 2015 ಮತ್ತು 2016ರಲ್ಲಿ ಅದು ದೇಶದ ಅತಿ ಸ್ವಚ್ಛ ನಗರ ಅನ್ನಿಸಿಕೊಂಡಿತು. ಹಾರ ಪಟ್ಟಣದ ಕೊರಳಿಗೆ, ಪೊರಕೆ ಪೌರಕಾರ್ಮಿಕರ ಕೈಗೆ.

ಇನ್ನು ನೀರಿನ ಮಾತು. ಬೆಂಗಳೂರು ಬಳಸಿ ಬಿಟ್ಟ ಕೊಳಚೆಯನ್ನು ಎರಡು ಹಂತ ಶುದ್ಧಿ ಮಾಡಿ, 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿದ್ದಾರೆ. ಕೆ.ಸಿ. ವ್ಯಾಲಿ ಅಂತ ಹೆಸರು. ಮೂರನೇ ಹಂತದ ಶುದ್ಧಿ ಮಾಡಿ ಅಂದರೆ ಬರಪೀಡಿತ ಜನಕ್ಕೆ ಇಷ್ಟು ಸಿಕ್ಕಿದ್ದೇ ಪುಣ್ಯ ಅಂತಾರೆ. ಬೆಳಿಗ್ಗೆ ನಮ್ಮ ಮೈ ಅವರಿಗೆ, ಆಮೇಲೆ ಅವರ ಬಚ್ಚಲು ನಮಗೆ. ಲೆಕ್ಕ ಚುಕ್ತಾ!

ಇಷ್ಟು ಹೇಳಿದರೆ ಉಪದೇಶ ಸಿದ್ಧವಾಗಿರುತ್ತದೆ: "ಪಟ್ಟಣ ಯಾಕೆ, ಹಳ್ಳಿಯಲ್ಲೇ ನೆಮ್ಮದಿ." ಯಾರಿಗೆ ನೆಮ್ಮದಿ? ಅರಳಿಕಟ್ಟೆ ಮೇಲೆ ಕೂತವನಿಗೆ. ಕೇರಿಯವನಿಗೆ ಆ ಕಟ್ಟೆಯೇ ಇರಲಿಲ್ಲ. ಹಳ್ಳಿಯನ್ನು ಹಾಡಿ ಹೊಗಳುವವರನ್ನು ಬಾಬಾಸಾಹೇಬರು 1948ರಲ್ಲಿ ಸಂವಿಧಾನ ಸಭೆಯಲ್ಲೇ ತರಾಟೆಗೆ ತೆಗೆದುಕೊಂಡಿದ್ದರು. ನಾವು ಪಟ್ಟಣದ ವೈರಿಗಳಲ್ಲ. ಹೋಟೆಲಿನಲ್ಲಿ ಯಾವ ಜಾತಿ ಅಂತ ಕೇಳದೆ ಟೀ ಕೊಡುವುದು ಪಟ್ಟಣವೇ. ಬಾಡಿಗೆ ಮನೆ ಕೇಳಿದಾಗ ಮಾತ್ರ ಅದಕ್ಕೆ ಥಟ್ಟನೆ ಜಾತಿ ನೆನಪಾಗುತ್ತದೆ.

ನಾವು ಕೇಳುವುದು ದಯೆಯಲ್ಲ, ಪಾಲು. ಖಾಯಂ ಕೆಲಸ ಕೊಡಿ. ಬದುಕುವಷ್ಟು ಕೂಲಿ ಕೊಡಿ. ದುಡಿಯುವ ಊರಲ್ಲೇ ಮಲಗಲು ಸೂರು ಕೊಡಿ. ಅಲ್ಲೀವರೆಗೆ ಯಾವ ಪಟ್ಟಣ ಆರಾಮ ಅನ್ನುವ ಚರ್ಚೆ ಬೇಡ. ಯಾರ ನಿದ್ದೆ ಕದ್ದು ಆರಾಮವಾಗಿದ್ದೀರಿ, ಮೊದಲು ಅದನ್ನು ಹೇಳಿ.